ಒಂಬತ್ತನೆಯ ಅಕ್ಷರ: ಸ್ವಿಫ್ಟ್ ಹೆಡರ್ ಜೊತೆ ನನ್ನ ಐದು ತಿಂಗಳು

ಜೂನ್ ಕೊನೆಯ ವಾರ. ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತ್ತು. ನಮ್ಮ ಜನರಲ್ ಮ್ಯಾನೇಜರ್ ನನ್ನನ್ನು ಕ್ಯಾಬಿನ್‌ಗೆ ಕರೆದು ಒಂದು ದಪ್ಪ ಫೈಲು ಕೊಟ್ಟರು. "ಮ್ಯಾಡಮ್, ಇದು ಐಟಿಯವರ ಕೆಲಸ. ಆದ್ರ ಅವರಿಗೆ ಸ್ವಿಫ್ಟ್ ತಿಳಿಯೂದಿಲ್ಲ. ನಿಮಗ ಕಂಪ್ಯೂಟರ್ ತಿಳಿಯೂದಿಲ್ಲ. ಎರಡೂ ಕೂಡೀ ಮಾಡ್ರಿ" ಅಂದರು. ನಾನು ಬಿ.ಕಾಂ. ಓದಿದವಳು. ಹನ್ನೊಂದು ವರ್ಷದಿಂದ ವಿದೇಶಿ ವಿನಿಮಯದ ಡೆಸ್ಕಿನಲ್ಲಿ ಕೂತಿದ್ದೇನೆ. ಸ್ವಿಫ್ಟ್ ಅಂದರೆ ಬೇರೆಬೇರೆ ದೇಶಗಳ ಬ್ಯಾಂಕುಗಳು ಒಂದಕ್ಕೊಂದು ಮೆಸೇಜು ಕಳಿಸುವ ನೆಟ್‌ವರ್ಕು. ಅದರಲ್ಲಿ ಮೆಸೇಜು ಕಳಿಸುವುದು ಗೊತ್ತು. ಆ ಮೆಸೇಜಿನ ತಲೆಯಲ್ಲಿ, ಅಂದರೆ ಹೆಡರ್‌ನಲ್ಲಿ, ಏನು ಬರೆದಿರುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಈಗ ಎಲ್ಲ ಮುಗಿದಿದೆ. ಇದೇ ಕೆಲಸ ಇನ್ಯಾವುದೋ ಊರಿನ ಸಣ್ಣ ಬ್ಯಾಂಕಿನಲ್ಲಿ ನನ್ನಂಥವರ ತಲೆಗೆ ಬಿದ್ದಿರಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಯಾಕೆ ಈ ಕೆಲಸ ಬಂತು ಅನ್ನೋದು. ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿಯವರು, ಹೈಡ್ರಾಲಿಕ್ಸ್ ಮಾಡುವವರು ನಮ್ಮ ಗಿರಾಕಿಗಳು. ಅವರಿಗೆ ಹೊರದೇಶದಿಂದ ದುಡ್ಡು ಬರಬೇಕು, ಅವರು ಯಂತ್ರದ ಬಿಡಿಭಾಗಕ್ಕೆ ದುಡ್ಡು ಕಳಿಸಬೇಕು, ಎಲ್‌ಸಿ, ಅಂದರೆ ಮಾಲಿನ ದುಡ್ಡಿಗೆ ಬ್ಯಾಂಕು ಕೊಡುವ ಭರವಸೆಯ ಪತ್ರ, ತೆಗೆಯಬೇಕು. ಇದಕ್ಕೆಲ್ಲ ಸ್ವಿಫ್ಟ್ ಮೆಸೇಜು ಬೇಕು. ಹಳೆಯ ನಮೂನೆಯ ಮೆಸೇಜಿಗೆ ಎಂಟಿ ಅನ್ನುತ್ತೇವೆ. ಎಂಟಿ 103 ಅಂದರೆ ಗಿರಾಕಿಯ ದುಡ್ಡು, ಎಂಟಿ 700 ಅಂದರೆ ಎಲ್‌ಸಿ. ಹೊಸದು ಐಎಸ್‌ಒ 20022, ಎಂಎಕ್ಸ್ ಅಂತ ಬಾಯಿಮಾತು. 2023ರ ಮಾರ್ಚ್‌ನಿಂದ ಎರಡೂ ಜೊತೆಜೊತೆಗೆ ನಡೆಯುತ್ತಿದ್ದವು. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪಾವತಿ ಮೆಸೇಜುಗಳಿಗೆ ಆ ಜೋಡಿ ಸಂಸಾರ 2025ರ ನವೆಂಬರ್ 22ಕ್ಕೆ ಮುಗಿಯಬೇಕಿತ್ತು. ಆಮೇಲೆ ಎಂಟಿ 103 ಬಿಟ್ಟು ಪ್ಯಾಕ್ಸ್ 008.

ನಾವು ಅದೇ ಹೊತ್ತಿಗೆ ಹಳೆಯ ಸಾಫ್ಟ್‌ವೇರ್ ಕೂಡ ಬದಲಿಸುತ್ತಿದ್ದೆವು. ಎಲ್‌ಸಿ, ಗ್ಯಾರಂಟಿ ಮೆಸೇಜುಗಳು ಇನ್ನೂ ಎಂಟಿಯಲ್ಲೇ ಇರುತ್ತವೆ. ಹಾಗಾಗಿ ಹಳೆಯ ಹೆಡರೂ ಕೂಡಿಸಬೇಕು, ಹೊಸ ಹೆಡರೂ ಕೂಡಿಸಬೇಕು. ಎರಡೂ ನನ್ನ ತಲೆಗೆ ಬಂದದ್ದು ಹೀಗೆ.

ಹೆಡರ್ ಅಂದರೇನು ಅಂತ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಲಾರಿ ಬಿಲ್ಟಿಯಿಂದ. ಕಾಸ್ಟಿಂಗ್ ಚೆನ್ನಾಗಿಯೇ ಇರುತ್ತದೆ, ತೂಕವೂ ಸರಿ ಇರುತ್ತದೆ. ಬಿಲ್ಟಿಯಲ್ಲಿ ಊರು ತಪ್ಪಿದರೆ ಮಾಲು ಗೋದಾಮಿನಲ್ಲೇ ಕೊಳೆಯುತ್ತದೆ, ಪೆಟ್ಟಿಗೆ ಬಿಚ್ಚಿ ನೋಡುವವರು ಯಾರೂ ಇಲ್ಲ. ನೆಟ್‌ವರ್ಕ್ ಕೂಡ ಹಾಗೇ. ಒಳಗೆ ಎಷ್ಟು ಡಾಲರ್ ಅಂತ ಆಮೇಲೆ. ಮೊದಲು ತಲೆ ನೋಡುತ್ತದೆ.

ಜುಲೈ ಪೂರ್ತಿ ಕಾಗದಪತ್ರಕ್ಕೇ ಹೋಯಿತು. ನಾವು ಸ್ವಿಫ್ಟ್‌ಗೆ ನೇರವಾಗಿ ಅಲ್ಲ, ಮುಂಬೈನ ಒಂದು ಸರ್ವಿಸ್ ಬ್ಯೂರೋ ಮೂಲಕ ಸೇರಿಕೊಂಡವರು. ಅವರಿಗೆ ಆಡಳಿತ ಮಂಡಳಿಯ ಠರಾವು ಬೇಕು, ಅಧಿಕೃತ ಸಹಿಗಾರರ ಪಟ್ಟಿ ಬೇಕು, ಇಬ್ಬರು ಸೆಕ್ಯುರಿಟಿ ಆಫೀಸರ್‌ಗಳ ನೇಮಕದ ಪತ್ರ ಬೇಕು. ನಮ್ಮ ಮಂಡಳಿ ತಿಂಗಳಿಗೆ ಒಮ್ಮೆ ಸೇರುತ್ತದೆ. ಠರಾವು ಆಗುವುದಕ್ಕೆ ಹತ್ತೊಂಬತ್ತು ದಿನ ಕಾದೆವು. ಕೊರಿಯರ್ ಮಾಡಿದ ಕಾಗದ ವಾಪಸ್ ಬಂತು. ಕಾರಣ ಕೇಳಿದರೆ ನಗು ಬರುತ್ತದೆ. ಠರಾವಿನಲ್ಲಿ ನಮ್ಮ ಸಹೋದ್ಯೋಗಿಯ ಹುದ್ದೆ ಕನ್ನಡದಲ್ಲಿ ಒಂದು ಥರ, ಫಾರ್ಮಿನಲ್ಲಿ ಇನ್ನೊಂದು ಥರ. ಮತ್ತೆ ಸಹಿ, ಮತ್ತೆ ಸೀಲು, ಮತ್ತೆ ಒಂಬತ್ತು ದಿನ. ನೀವು ಈ ದಾರಿಯಲ್ಲಿ ಹೊರಟಿದ್ದರೆ ಹೆಸರು, ಹುದ್ದೆ, ಬ್ಯಾಂಕಿನ ನೋಂದಾಯಿತ ಹೆಸರು ಮೂರೂ ಎಲ್ಲ ಕಾಗದದಲ್ಲೂ ಒಂದೇ ಅಕ್ಷರದಲ್ಲಿ ಇವೆಯಾ ಅಂತ ಮೊದಲೇ ಒಂದು ಸಲ ನೋಡಿಬಿಡಿ.

ಸೆಕ್ಯುರಿಟಿ ಆಫೀಸರ್ ಇಬ್ಬರು ಯಾಕೆ ಅಂದರೆ, ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಒಪ್ಪದೆ ಅದು ಜಾರಿಗೆ ಬರುವುದಿಲ್ಲ. ಒಳ್ಳೆಯ ಏರ್ಪಾಡು, ಒಪ್ಪುತ್ತೇನೆ. ಆದರೆ ಗಣೇಶನ ಹಬ್ಬದ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ರಜೆ ಹಾಕಿ ಊರಿಗೆ ಹೋದರು. ಬೆಳಗಾವಿಯ ಗಣಪತಿ ಅಂದರೆ ನಿಮಗೆ ಗೊತ್ತಲ್ವಾ, ಅನಂತ ಚತುರ್ದಶಿಯ ಮೆರವಣಿಗೆ ಮುಗಿಯುವವರೆಗೆ ಪೇಟೆಯಲ್ಲಿ ಏನೂ ನಡೆಯುವುದಿಲ್ಲ. ಒಂದೇ ಒಂದು ಸಾಲಿನ ಬದಲಾವಣೆ ಹತ್ತು ದಿನ ಹಾಗೇ ಕೂತಿತ್ತು. ಬದಲಿ ಆಫೀಸರ್ ಹೆಸರನ್ನೂ ಮೊದಲ ಠರಾವಿನಲ್ಲೇ ಸೇರಿಸಿಬಿಡಿ.

ಈಗ ನಿಜವಾದ ಕಥೆಗೆ ಬರುತ್ತೇನೆ.

ಆಗಸ್ಟ್ ಮೊದಲ ವಾರ ಟೆಸ್ಟ್ ಶುರುವಾಯಿತು. 2018ರ ನಂತರ ಆರ್‌ಬಿಐ ಬಹಳ ಕಟ್ಟುನಿಟ್ಟು. ಸ್ವಿಫ್ಟ್ ಪರದೆಯಲ್ಲಿ ಕೂತು ಬೇರೆಯಾಗಿ ಟೈಪ್ ಮಾಡುವ ಹಾಗಿಲ್ಲ, ಸಿಬಿಎಸ್‌ನಿಂದಲೇ, ಅಂದರೆ ಬ್ಯಾಂಕಿನ ಖಾತೆಗಳನ್ನು ನಡೆಸುವ ಮುಖ್ಯ ಸಾಫ್ಟ್‌ವೇರ್‌ನಿಂದಲೇ, ಮೆಸೇಜು ಹುಟ್ಟಬೇಕು. ಅಂದರೆ ಹೆಡರ್ ಕೂಡ ಯಂತ್ರವೇ ಕಟ್ಟಬೇಕು. ಯಂತ್ರ ಹೇಗೆ ಕಟ್ಟಬೇಕು ಅಂತ ನಾವು ಕೂಡಿಸಿಕೊಡಬೇಕು. ಮೊದಲ ಎಂಟಿ 700 ಕಳಿಸಿದೆವು. ಎರಡು ನಿಮಿಷದಲ್ಲಿ ನಾಕ್ ಬಂತು. ನಾಕ್ ಅಂದರೆ ನೆಟ್‌ವರ್ಕು "ಇದನ್ನು ತೆಗೆದುಕೊಳ್ಳುವುದಿಲ್ಲ" ಅಂತ ಬಾಗಿಲಲ್ಲೇ ವಾಪಸ್ ಕಳಿಸುವುದು. ಅದರೊಳಗೆ ಒಂದು ಕೋಡ್: ಎಚ್ 25.

ಪುಣೆಯಲ್ಲಿ ಕೂತ ವೆಂಡರ್ ಹುಡುಗ, ಅಂದರೆ ನಮಗೆ ಸಾಫ್ಟ್‌ವೇರ್ ಕೊಟ್ಟ ಕಂಪನಿಯವನು, ಎಲ್‌ಸಿಯ ಒಳಗಿನ ಸಾಲುಗಳನ್ನು ಮೂರು ದಿನ ತಿದ್ದಿದ. ಸರಕಿನ ವಿವರ ತಿದ್ದಿದ, ಕೊನೆಯ ದಿನಾಂಕ ತಿದ್ದಿದ. ಮತ್ತೆ ಎಚ್ 25. ನಾಲ್ಕನೆಯ ದಿನ ಸುಮ್ನೆ ಕುತೂಹಲಕ್ಕೆ ಕೋಡುಗಳ ಪಟ್ಟಿ ತೆಗೆದು ನೋಡಿದೆ. ಎಚ್ ಅಕ್ಷರದಿಂದ ಶುರುವಾಗುವ ಕೋಡುಗಳೆಲ್ಲ ಹೆಡರ್ ತಪ್ಪುಗಳು. ಎಚ್ 25 ಅಂದರೆ ಅಪ್ಲಿಕೇಶನ್ ಹೆಡರ್ ಇಲ್ಲ ಅಥವಾ ಅದರ ರಚನೆ ತಪ್ಪು. ನಾವು ಮೂರು ದಿನ ಪೆಟ್ಟಿಗೆಯೊಳಗಿನ ಕಾಸ್ಟಿಂಗ್ ಉಜ್ಜುತ್ತಾ ಕೂತಿದ್ದೆವು, ತಪ್ಪು ಬಿಲ್ಟಿಯಲ್ಲಿತ್ತು.

ಎಂಟಿ ಮೆಸೇಜು ಐದು ಬ್ಲಾಕು. ಮೊದಲನೆಯದರಲ್ಲಿ ಕಳಿಸುವವರು ಯಾರು ಅಂತ ಇರುತ್ತದೆ. ಎರಡನೆಯದೇ ಅಪ್ಲಿಕೇಶನ್ ಹೆಡರ್. ಮೂರನೆಯದರಲ್ಲಿ ಬಳಕೆದಾರನ ಗುರುತು, ಪಾವತಿಯ ಜಾಡು ಹಿಡಿಯುವ 36 ಅಕ್ಷರದ ಯುಇಟಿಆರ್ ಇತ್ಯಾದಿ. ನಾಲ್ಕು ಅಸಲು ವಿಷಯ, ಐದು ಬಾಲ. ಎರಡನೆಯ ಬ್ಲಾಕಿನಲ್ಲಿ ಖಾಲಿ ಜಾಗವಿಲ್ಲ, ಅಲ್ಪವಿರಾಮವಿಲ್ಲ, ಅಕ್ಷರ ಎಣಿಸಿಯೇ ಓದುತ್ತದೆ. ಮೊದಲು ಐ ಅಂದರೆ ನಾವು ಒಳಗೆ ಹಾಕುತ್ತಿರುವ ಮೆಸೇಜು. ಆಮೇಲೆ ಮೂರು ಅಂಕಿ ಮೆಸೇಜಿನ ಬಗೆ. ಆಮೇಲೆ ತಲುಪಬೇಕಾದವರ ವಿಳಾಸ ಸರಿಯಾಗಿ ಹನ್ನೆರಡು ಅಕ್ಷರ. ಆಮೇಲೆ ತುರ್ತೋ ಸಾದಾವೋ ಅನ್ನುವುದಕ್ಕೆ ಒಂದು ಅಕ್ಷರ.

ನಮಗೆ ಗೊತ್ತಿರುವ ಬಿಐಸಿ, ಅಂದರೆ ಸ್ವಿಫ್ಟ್‌ನಲ್ಲಿ ಬ್ಯಾಂಕನ್ನು ಗುರುತಿಸುವ ಕೋಡು, ಎಂಟು ಅಥವಾ ಹನ್ನೊಂದು ಅಕ್ಷರದ್ದು. ನಾಲ್ಕು ಬ್ಯಾಂಕಿಗೆ, ಎರಡು ದೇಶಕ್ಕೆ, ಎರಡು ಸ್ಥಳಕ್ಕೆ, ಬೇಕಾದರೆ ಮೂರು ಶಾಖೆಗೆ. ಹೆಡರ್‌ನಲ್ಲಿ ಬೇಕಾದದ್ದು ಹನ್ನೆರಡು. ಆ ಹೆಚ್ಚಿನ ಅಕ್ಷರ ಕೊನೆಗೆ ಬರುವುದಿಲ್ಲ, ಒಂಬತ್ತನೆಯದಾಗಿ ನಡುವೆ ಬರುತ್ತದೆ. ಅದು ಟರ್ಮಿನಲ್ಲಿನ ಅಕ್ಷರ. ಕಳಿಸುವವರ ಕಡೆ ಎ, ಬಿ ಹೀಗೆ ಇರುತ್ತದೆ. ತಲುಪುವವರ ಕಡೆ ಎಕ್ಸ್ ಹಾಕಬೇಕು. ನಮ್ಮ ಸಾಫ್ಟ್‌ವೇರ್ ಹನ್ನೊಂದು ಅಕ್ಷರದ ಬಿಐಸಿಯನ್ನು ಹಾಗೇ ತುಂಬಿಸಿತ್ತು. ಅದರ ಪಕ್ಕದ ಎನ್, ಅಂದರೆ ಸಾದಾ ಅಂತ ಹೇಳುವ ಅಕ್ಷರ, ವಿಳಾಸದೊಳಗೆ ಸೇರಿಹೋಯಿತು. ಯಂತ್ರದ ಕಣ್ಣಿಗೆ ಶಾಖೆಯ ಕೋಡು ಎಕ್ಸ್ ಎಕ್ಸ್ ಎನ್. ತುರ್ತೋ ಸಾದಾವೋ ಅನ್ನುವ ಜಾಗ ಖಾಲಿ.

ವೆಂಡರ್‌ಗೆ ಹೇಳಿದೆ. "ಮ್ಯಾಡಮ್, ಇಟ್ ಈಸ್ ಎ ಚೇಂಜ್ ರಿಕ್ವೆಸ್ಟ್" ಅಂದ. ಎರಡು ದಿನದ ಕೆಲಸವಂತೆ. ದಿನಕ್ಕೆ 14,000 ರೂಪಾಯಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 33,040 ರೂಪಾಯಿ. ಜನರಲ್ ಮ್ಯಾನೇಜರ್ ಬಿಲ್ಲು ನೋಡಿ, "ಒಂದು ಎಕ್ಸ್ ಹಾಕಾಕ ಮೂವತ್ಮೂರು ಸಾವಿರ ಏನ್ರೀ? ನಾ ಪೆನ್ನಿಲೆ ಬರೀತೇನ್ ತರ್ರಿ" ಅಂದರು. ಒಪ್ಪಂದದಲ್ಲಿ ಹೆಡರ್ ಮ್ಯಾಪಿಂಗ್ ಅನ್ನುವ ಮಾತೇ ಇರಲಿಲ್ಲ, ಬರೀ "ಮೆಸೇಜು ತಯಾರಿಕೆ" ಅಂತ ಇತ್ತು. ಇಂಥದ್ದು ಮೂರು ಸಲ ಆಯಿತು. ಒಟ್ಟು 99,120 ರೂಪಾಯಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಹೆಡರ್, ಅದರ ಟೆಸ್ಟು, ತಪ್ಪು ತಿದ್ದುವುದು ಎಲ್ಲ ಒಳಗಿದೆ ಅಂತ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಆಗ ಗೊತ್ತಾಯಿತು. ಇಂಥ ತಪ್ಪನ್ನು ನಮ್ಮ ಕಡೆಯ ಸಾಫ್ಟ್‌ವೇರೇ ಹಿಡಿಯಬೇಕಿತ್ತು. ಕೆಲಸ ಬೇಗ ಆಗಲಿ ಅಂತ ಯಾರೋ ಪರಿಶೀಲನೆಯನ್ನು ತೀರಾ ಕಡಿಮೆಗೆ ಇಳಿಸಿಟ್ಟಿದ್ದರು. ಯಾರು ಅಂತ ಕೊನೆಗೂ ತಿಳಿಯಲಿಲ್ಲ. ಅದನ್ನು ಮೇಲಕ್ಕೆ ಏರಿಸಿದ ದಿನದಿಂದ ಅರ್ಧ ತಪ್ಪುಗಳು ಬೆಳಗಾವಿಯಲ್ಲೇ ಸಿಗತೊಡಗಿದವು.

ತುರ್ತು, ಸಾದಾ ವಿಷಯದಲ್ಲೂ ಒಂದು ಸಣ್ಣ ಗಂಟು ಇದೆ. ತುರ್ತು ಅಂತ ಯು ಹಾಕಿದರೆ ಪಕ್ಕದ ನಿಗಾ ಅಂಕಿ 1 ಅಥವಾ 3 ಇರಲೇಬೇಕು. ತಲುಪದಿದ್ದರೆ ತಿಳಿಸು ಅನ್ನುವುದಕ್ಕೆ 1, ತಲುಪಿದರೂ ತಲುಪದಿದ್ದರೂ ತಿಳಿಸು ಅನ್ನುವುದಕ್ಕೆ 3. ಸಾದಾ ಮೆಸೇಜಿಗೆ 2 ಹಾಕಬಹುದು, ಇಲ್ಲವೇ ಬಿಡಬಹುದು. ಆಮೇಲೆ ಬರುವ 003, 020 ನೋಡಿ ನಾನು ದಿನಗಳು ಅಂದುಕೊಂಡಿದ್ದೆ. ಅವು ಐದೈದು ನಿಮಿಷದ ಲೆಕ್ಕ. 003 ಅಂದರೆ 15 ನಿಮಿಷ, 020 ಅಂದರೆ 100 ನಿಮಿಷ. ಅಷ್ಟರಲ್ಲಿ ತಲುಪದಿದ್ದರೆ ಮೆಸೇಜು ಹಳಸಿತು ಅಂತ ಅರ್ಥ.

ಸೆಪ್ಟೆಂಬರ್‌ನಲ್ಲಿ ಎರಡನೆಯ ಪೆಟ್ಟು. ಟೆಸ್ಟ್‌ನಲ್ಲಿ ಎಲ್ಲರ ಬಿಐಸಿಯ ಎಂಟನೆಯ ಅಕ್ಷರ ಸೊನ್ನೆ ಆಗಿರುತ್ತದೆ. ಅದೇ ಟೆಸ್ಟಿನ ಗುರುತು. ಲೈವ್‌ಗೆ ಹೋಗುವಾಗ ಆ ಸೊನ್ನೆ ತೆಗೆದು ಅಸಲಿ ಅಕ್ಷರ ಹಾಕಬೇಕು. ನಮ್ಮ ಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ವಿದೇಶಿ ಬ್ಯಾಂಕುಗಳಿದ್ದವು. ಐಟಿಯ ಹುಡುಗ ಬದಲಿಸಿ, "ಎಲ್ಲಾ ಮಾಡೇನ್ರೀ" ಅಂದ. ನನಗೆ ಸಮಾಧಾನವಿಲ್ಲ. ಪಟ್ಟಿ ಪ್ರಿಂಟ್ ತೆಗೆದು ನಾನು ಒಂದೊಂದೇ ಅಕ್ಷರ ಜೋರಾಗಿ ಓದಿದೆ, ಆತ ಇನ್ನೊಂದು ಪ್ರತಿಯಲ್ಲಿ ಟಿಕ್ ಹಾಕಿದ. ಹೌಸಿ ಆಟದ ಹಾಗೆ. ನಮ್ಮ ಪ್ಯೂನ್ ಕಾಕಾ ಚಹಾ ತಂದಿಟ್ಟು, "ಅಕ್ಕಾವ್ರ, ಯಾರಿಗೆ ಬಹುಮಾನ ಬಂತ್ರೀ?" ಅಂತ ಕೇಳಿದರು. ಇಪ್ಪತ್ತನೆಯ ಸುಮಾರಿಗೆ ನನ್ನ ನಾಲಿಗೆ ನಿಂತಿತು. ಒಂದು ಬ್ಯಾಂಕಿನ ಎಂಟನೆಯ ಜಾಗದಲ್ಲಿ ಸೊನ್ನೆ ಇನ್ನೂ ಹಾಗೇ ಇತ್ತು. ಹುಡುಗ ಅದನ್ನು ಇಂಗ್ಲಿಷಿನ ಓ ಅಂತ ಓದಿ ಬಿಟ್ಟುಬಿಟ್ಟಿದ್ದ. ಲೈವ್‌ನಲ್ಲಿ ಅದು ಹೋಗಿದ್ದರೆ ಎಚ್ 50, ಅಂದರೆ ಇಂಥ ವಿಳಾಸವೇ ಇಲ್ಲ. ಆ ದಿನ ಸಂಜೆ ಇಬ್ಬರಿಗೂ ಕುಂದಾ ತರಿಸಿದೆ. ಅದಕ್ಕೆ ಚೇಂಜ್ ರಿಕ್ವೆಸ್ಟ್ ಬೇಕಾಗಲಿಲ್ಲ.

ಅಕ್ಟೋಬರ್ ಬಂತು. ಎಂಎಕ್ಸ್ ಸರದಿ. ಇಲ್ಲಿ ಹೆಡರ್‌ಗೆ ಬಿಸಿನೆಸ್ ಅಪ್ಲಿಕೇಶನ್ ಹೆಡರ್ ಅಂತ ಹೆಸರು, ಬಾಯಲ್ಲಿ ಬಾ ಅನ್ನುತ್ತಾರೆ. ಫೋನಿನಲ್ಲಿ "ಬಾ ಬಂದಿಲ್ಲ, ಬಾ ಕಳಿಸಿ" ಅಂತ ನಾನು ಕಿರುಚುವುದನ್ನು ಕೇಳಿ ಕೌಂಟರಿನ ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಅಕ್ಷರ ಎಣಿಸುವ ಕಷ್ಟ ಇಲ್ಲಿಲ್ಲ. ಎಲ್ಲದಕ್ಕೂ ಹೆಸರಿನ ಪಟ್ಟಿ ಇರುತ್ತದೆ: ಯಾರಿಂದ, ಯಾರಿಗೆ, ಮೆಸೇಜಿನ ಗುರುತು, ಮೆಸೇಜಿನ ಬಗೆ, ಸೇವೆಯ ಹೆಸರು, ಹುಟ್ಟಿದ ಹೊತ್ತು. ನೋಡಿದರೆ ಬಹಳ ಸಲೀಸು ಅನ್ನಿಸುತ್ತದೆ. ಇದರ ತೊಂದರೆ ಬೇರೆ ಥರದ್ದು. ಹೆಡರ್ ಹೇಳುವುದಕ್ಕೂ ಒಳಗಿನ ಕಾಗದ ಹೇಳುವುದಕ್ಕೂ ತಾಳೆ ಆಗಬೇಕು. ಯಾರಿಂದ ಯಾರಿಗೆ ಅಂತ ಹೆಡರ್‌ನಲ್ಲಿ ಇರುವ ಬ್ಯಾಂಕುಗಳೇ ಒಳಗೆ ಸೂಚನೆ ಕೊಡುವ, ಪಡೆಯುವ ಬ್ಯಾಂಕುಗಳಾಗಿ ಬರಬೇಕು. ಹೆಡರ್‌ನಲ್ಲಿ ಪ್ಯಾಕ್ಸ್ 008 ಅಂತ ಬರೆದರೆ ಒಳಗೂ ಅದೇ, ಅದೇ ಆವೃತ್ತಿ ಇರಬೇಕು. ನಮ್ಮಲ್ಲಿ ಒಳಗಿನ ಬ್ಯಾಂಕು ಶಾಖೆಯ ಕೋಡಿನ ಸಮೇತ, ಹೆಡರ್‌ನಲ್ಲಿ ಶಾಖೆ ಬಿಟ್ಟು. ಇದು ಎರಡನೆಯ 33,040.

ಪ್ಯಾಕ್ಸ್ 009 ನನ್ನನ್ನು ಎರಡು ರಾತ್ರಿ ಕಾಡಿತು. ಬ್ಯಾಂಕಿನಿಂದ ಬ್ಯಾಂಕಿಗೆ ಸಾದಾ ವರ್ಗಾವಣೆಗೂ ಅದೇ ಹೆಸರು, ಗಿರಾಕಿಯ ಪಾವತಿಗೆ ಬೆಂಬಲವಾಗಿ ಹೋಗುವ ಕವರ್‌ಗೂ ಅದೇ ಹೆಸರು. ಯಾವುದು ಯಾವುದು ಅಂತ ಹೇಳುವುದು ಹೆಡರ್‌ನ ಸೇವೆಯ ಹೆಸರಿನ ಸಾಲು. ಕವರ್ ಆದರೆ ಅದರಲ್ಲಿ ಕವರ್ ಅಂತ ಸೂಚಿಸುವ ತುಂಡು ಬೇರೆಯೇ ಇರಬೇಕು. ವೆಂಡರ್ ಎಲ್ಲದಕ್ಕೂ ಒಂದೇ ಹೆಸರು ಗಟ್ಟಿಯಾಗಿ ಕೂಡಿಸಿಟ್ಟಿದ್ದ. ಆ ಸಾಲನ್ನು ಯಾವತ್ತೂ ಹಾಗೆ ಗಟ್ಟಿ ಮಾಡಿಸಬೇಡಿ. ಕೊನೆಯ ಅಂಕಿ ಆವೃತ್ತಿಯ ಜೊತೆ ಬದಲಾಗುತ್ತದೆ, ಪ್ರತಿ ಸಲ ಅವನ ಕಾಲು ಹಿಡಿಯಬೇಕಾಗುತ್ತದೆ.

ಎಲ್ಲಕ್ಕಿಂತ ಮಜಾ ಕೊಟ್ಟದ್ದು ಗಡಿಯಾರ. ಮೆಸೇಜು ಹುಟ್ಟಿದ ಹೊತ್ತನ್ನು ಹೆಡರ್‌ನಲ್ಲಿ ಬರೆಯುವಾಗ ಅದು ಯಾವ ದೇಶದ ಹೊತ್ತು ಅಂತಲೂ ಹೇಳಬೇಕು. ನಮಗೆ ಕೂಡು 05:30, ಅಂದರೆ ಗ್ರೀನಿಚ್ ಹೊತ್ತಿಗಿಂತ ಐದೂವರೆ ಗಂಟೆ ಮುಂದೆ. ನಮ್ಮ ಸರ್ವರ್ ಕೊನೆಗೆ ಝಡ್ ಅಂತ ಒಂದು ಅಕ್ಷರ ಹಾಕುತ್ತಿತ್ತು, ಅದು ಗ್ರೀನಿಚ್ ಹೊತ್ತಿನ ಗುರುತು. ಗಡಿಯಾಚೆಯ ಪಾವತಿಯ ನಿಯಮದಲ್ಲಿ ಝಡ್ ನಡೆಯುವುದಿಲ್ಲ, ಕೂಡು ಕಳೆ ಅಂಕಿಯೇ ಬೇಕು. ವಾಪಸ್ ಬಂತು. ವೆಂಡರ್ ಹುಡುಗ ಐದೇ ನಿಮಿಷದಲ್ಲಿ ಝಡ್ ತೆಗೆದು ಕೂಡು 00:00 ಹಾಕಿದ. ಮೆಸೇಜು ಹೋಯಿತು! ಎಲ್ಲರೂ ಕೈ ಕುಲುಕಿದರು. ಟೆಸ್ಟಿನಲ್ಲಿ ನಮಗೆ ನಾವೇ ಮೆಸೇಜು ಕಳಿಸಿಕೊಳ್ಳುತ್ತಿದ್ದೆವು. ಹಾಗಾಗಿ ಬಂದ ಮೆಸೇಜನ್ನೂ ತೆಗೆದು ನೋಡಿದೆ. ಮಧ್ಯಾಹ್ನ 3:40ಕ್ಕೆ ಕಳಿಸಿದ್ದು. ಪರದೆಯಲ್ಲಿ ರಾತ್ರಿ 9:10 ಅಂತ ಇತ್ತು. ನಮ್ಮ ಹೊತ್ತಿಗೇ ಗ್ರೀನಿಚ್ ಚೀಟಿ ಅಂಟಿಸಿದ್ದರಿಂದ ಮೆಸೇಜು ಐದೂವರೆ ಗಂಟೆ ಮುಂದೆ ಹುಟ್ಟಿಬಿಟ್ಟಿತ್ತು.

"ಆಕ್ ಬಂದೈತಲ್ರೀ ಮ್ಯಾಡಮ್, ಬಿಡ್ರಿ" ಅಂದರು ಒಬ್ಬರು. ಬಿಡಲಿಲ್ಲ. ಆಕ್ ಅಂದರೆ ನಾಕ್‌ನ ಉಲ್ಟಾ, ನೆಟ್‌ವರ್ಕು ಮೆಸೇಜು ತೆಗೆದುಕೊಂಡಿತು ಅಂತ. ಅದು ಬಂತು ಅಂದರೆ ರಚನೆ ಸರಿ ಇದೆ ಅಂತ ಮಾತ್ರ. ಬರೆದದ್ದು ನಿಜವಾ ಸುಳ್ಳಾ ಅಂತ ನೆಟ್‌ವರ್ಕಿಗೆ ಗೊತ್ತಾಗುವುದಿಲ್ಲ. ಇದು ಮೂರನೆಯ 33,040. ಈ ಸಲ ಜನರಲ್ ಮ್ಯಾನೇಜರ್ ಮಾತಾಡದೆ ಸಹಿ ಹಾಕಿದರು.

ನಡುವೆ ಒಂದು ಮಾತು, ಇದು ಹೆಡರ್‌ನದ್ದಲ್ಲ. ಹೊಸ ಮೆಸೇಜಿನಲ್ಲಿ ವಿಳಾಸವನ್ನು ಊರು, ದೇಶ ಅಂತ ಬೇರೆಬೇರೆ ಕೊಡುವ ಪದ್ಧತಿ ಬಂದಿದೆ. ವಿಳಾಸವನ್ನು ಸುಮ್ನೆ ಸಾಲುಸಾಲಾಗಿ ಬರೆಯುವುದಕ್ಕೆ 2026ರ ನವೆಂಬರ್ ತಿಂಗಳೇ ಕೊನೆಯ ಗಡುವು. ನಮ್ಮ ಗಿರಾಕಿಗಳ ದಾಖಲೆ ತೆಗೆದರೆ ಅರ್ಧ ಜನ ಬೆಳಗಾವಿ, ಇನ್ನರ್ಧ ಬೆಳಗಾಂ. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಹನ್ನೊಂದು ವರ್ಷ ಆದರೂ ನಮ್ಮ ಕಂಪ್ಯೂಟರಿಗೆ ಸುದ್ದಿ ಮುಟ್ಟಿರಲಿಲ್ಲ. ರಾಜ್ಯೋತ್ಸವಕ್ಕೆ ಚನ್ನಮ್ಮ ವೃತ್ತದಲ್ಲಿ ಜನಸಾಗರ ಸೇರುತ್ತದಲ್ಲ, ಅದರ ಹಿಂದಿನ ಎರಡು ದಿನ ನಾನು ಕೂತು ಊರಿನ ಹೆಸರು ತಿದ್ದುತ್ತಿದ್ದೆ.

ನವೆಂಬರ್ 22 ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಆದರೂ ನಾವು ನಾಲ್ಕು ಜನ ಬಂದು ಕೂತಿದ್ದೆವು. ಗಡುವಿನ ನಂತರ ಅಪ್ಪಿತಪ್ಪಿ ಎಂಟಿ 103 ಕಳಿಸಿದರೆ ಅದನ್ನು ಸ್ವಿಫ್ಟ್ ಹೊಸ ನಮೂನೆಗೆ ಬದಲಿಸುವ ಒಂದು ತಾತ್ಕಾಲಿಕ ಏರ್ಪಾಡು ಇತ್ತು. ಆದರೆ ಅದಕ್ಕೆ ಮುಂದೆ ಶುಲ್ಕ ಇದೆ, ಅದನ್ನು ನೆಚ್ಚಿಕೊಳ್ಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆವು. ಹಳೆಯ ದಾರಿ ಬಂದ್ ಮಾಡಿ, ಹೊಸದನ್ನು ತೆರೆದು, ಇಬ್ಬರು ಸೆಕ್ಯುರಿಟಿ ಆಫೀಸರ್‌ಗಳೂ ಒಪ್ಪಿಗೆ ಒತ್ತಿ ಮನೆಗೆ ಹೋದಾಗ ರಾತ್ರಿ ಹತ್ತು. ನಿದ್ದೆ ಬರಲಿಲ್ಲ. ಎಂಟನೆಯ ಅಕ್ಷರ, ಒಂಬತ್ತನೆಯ ಅಕ್ಷರ ಅಂತ ತಲೆಯಲ್ಲಿ ಓಡುತ್ತಲೇ ಇತ್ತು.

ಸೋಮವಾರ 24. ಮೊದಲ ಪಾವತಿ ಉದ್ಯಮಬಾಗ್‌ನ ಒಬ್ಬ ಗಿರಾಕಿಯದು, ಜರ್ಮನಿಯಿಂದ ಬಂದ ಬಿಡಿಭಾಗಕ್ಕೆ. ಮೇಕರ್ ಹಾಕಿದರು, ಚೆಕರ್ ಒಪ್ಪಿದರು, ನಾನು ಹೆಡರ್ ತೆರೆದು ಓದಿದೆ. ಯಾರಿಂದ, ಯಾರಿಗೆ, ಪ್ಯಾಕ್ಸ್ 008, ಹೊತ್ತು 11:20, ಕೂಡು 05:30. ಒಂದು ನಿಮಿಷದೊಳಗೆ ಆಕ್ ಬಂತು. ಮಧ್ಯಾಹ್ನ ಒಂದು ಎಂಟಿ 700 ಕೂಡ ಹೋಯಿತು, ಒಂಬತ್ತನೆಯ ಜಾಗದಲ್ಲಿ ಎಕ್ಸ್ ಇಟ್ಟುಕೊಂಡು.

ನಾಲ್ಕು ಗಂಟೆಗೆ ಗಿರಾಕಿಯ ಫೋನು. "ಮ್ಯಾಡಮ್, ರೊಕ್ಕ ಹೋತೇನ್ರೀ?"

"ಹೋತ್ರಿ ಸಾಹೇಬ್ರ, ಮುಂಜಾನೇನ ಹೋತು."

"ಮತ್ತ ಏನರ ಬದಲಾಗತೈತಿ ಅಂತ ಪತ್ರ ಕಳಿಸಿದ್ರಲ್ಲ? ನಮಗೇನೂ ಗೊತ್ತs ಆಗ್ಲಿಲ್ಲ ನೋಡ್ರಿ."